ಮಗ್ಗದ ಸದ್ದಿನಲ್ಲಿ ಓದಿದ ಕತೆ

ಹೋದ ವಾರ ನಮ್ಮ ಬೀದಿಯ ಚರಂಡಿಗೆ ಬ್ಲೀಚಿಂಗ್ ಪೌಡರ್ ಚೆಲ್ಲಿ ಹೋದರು. ಬಾಗಿಲಲ್ಲಿ ನಿಂತಿದ್ದ ನನ್ನ ಮೂಗಿಗೆ ಆ ಘಾಟು ಬಡಿದದ್ದೇ ತಡ, ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ನನಗೀಗ ಐವತ್ತೆರಡು. ಚರಂಡಿ ಪುಡಿಯ ವಾಸನೆಗೆ ಹೆದರುವ ವಯಸ್ಸಲ್ಲ. ಆದರೂ ಒಳಗೆ ಬಂದು ಬಾಗಿಲು ಹಾಕಿಕೊಂಡು ಕುಳಿತೆ. ಆ ವಾಸನೆಯ ಜೊತೆ ಒಬ್ಬರು ನಮ್ಮ ಮೆಟ್ಟಿಲು ಇಳಿದು ಬಂದ ಹಾಗಾಯಿತು...

ಅವರು ನಮ್ಮ ಮಗ್ಗದ ಮನೆಯ ಮೇಲಿನ ರೂಮಿಗೆ ಬಾಡಿಗೆಗೆ ಬಂದವರು. ಮನೆಯಲ್ಲಿ ಎಲ್ಲರೂ ‘ಮೇಲ್ನೋರು’ ಎಂದೇ ಕರೆಯುತ್ತಿದ್ದೆವು. ಹುಟ್ಟಿದ್ದು ಅಜ್ಜೀಪುರದ ಕಡೆ. ಕೆಲಸ ಹನೂರಿನ ಹತ್ತಿರ ಒಂದು ಚಾಕಿ ಸೆಂಟರಿನಲ್ಲಿ. ರೇಷ್ಮೆ ಹುಳು ಮೊಟ್ಟೆಯಿಂದ ಹೊರಬಂದಾಗಿನಿಂದ ಎರಡನೇ ಜ್ವರ, ಅಂದರೆ ಎರಡನೇ ಸಲ ಪೊರೆ ಕಳಚುವುದು, ದಾಟುವವರೆಗೆ ಅಲ್ಲಿ ಸಾಕಿ, ಆಮೇಲೆ ರೈತರ ಮನೆಗೆ ಮುಟ್ಟಿಸುತ್ತಾರೆ. ಹುಳುವಿಗೆ ರೋಗ ತಾಗಬಾರದೆಂದು ತಟ್ಟೆ, ನೆಲ, ಗೋಡೆ ಎಲ್ಲವನ್ನೂ ಬ್ಲೀಚಿಂಗ್ ಪೌಡರಿನಲ್ಲಿ ತೊಳೆಯುವುದು ಅವರ ಕೆಲಸ. ಎಷ್ಟು ಸೋಪು ಹಾಕಿ ಮಿಂದರೂ ಆ ವಾಸನೆ ಅವರ ಅಂಗಿಯನ್ನು ಬಿಡುತ್ತಿರಲಿಲ್ಲ.

ನಾನು ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನು. ಇನ್ನೊಬ್ಬರ ಮಗ್ಗದಲ್ಲಿ ಕೈ ಪಳಗಿಸಿಕೊಂಡು, ಕೊಳ್ಳೇಗಾಲದಲ್ಲಿ ನನ್ನದೇ ನಾಲ್ಕು ಪವರ್‌ಲೂಮ್ ನಿಲ್ಲಿಸಿದವನು. ನನ್ನ ಸೀರೆಯ ಅಂಚನ್ನು ಬಿಚ್ಚಿ ನೋಡದೆ ಕೊಳ್ಳುವ ಅಂಗಡಿಗಳಿವೆ. ಇದನ್ನು ಜಂಬಕ್ಕೆ ಹೇಳುತ್ತಿದ್ದೇನೆ ಎಂದುಕೊಂಡರೆ ಹಾಗೇ ಇರಲಿ. ಆ ನಾಲ್ಕು ಮಗ್ಗ ನೋಡಿಕೊಳ್ಳಲು ಇಬ್ಬರೇ ಜನ. ಎರಡನ್ನು ನಾನು ನೋಡುತ್ತಿದ್ದೆ, ಇನ್ನೆರಡನ್ನು ಮುಳ್ಳೂರು ಮಾವ. ಮಾವ ಎಂದರೆ ನೆಂಟನಲ್ಲ. ಮುಳ್ಳೂರಿನಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹಳೇ ನೇಯ್ಗೆಯವನು. ನನಗೆ ಲಾಳಿ ಹಿಡಿಯುವುದನ್ನು ಕಲಿಸಿದವನೇ ಅವನು. ಆಮೇಲೆ ನನ್ನಲ್ಲೇ ಕೆಲಸಕ್ಕೆ ಬಂದ. ಅದಕ್ಕೇ ನನ್ನನ್ನು ‘ಏನ್ಲಾ ಯಜಮಾನ’ ಎಂದು ಕರೆಯುತ್ತಿದ್ದ. ಹಾಗೆ ಕರೆಯುವ ಹಕ್ಕು ಅವನೊಬ್ಬನಿಗೇ ಇತ್ತು.

ನಾಲ್ಕು ಮಗ್ಗ ಒಟ್ಟಿಗೆ ಓಡುವ ಮನೆಯ ಮೇಲಿನ ರೂಮಿನಲ್ಲಿ ಯಾರು ತಾನೇ ಇರುತ್ತಾರೆ? ಬಂದವರು ತಿಂಗಳಿಗೇ ತಲೆನೋವು ಎಂದು ಖಾಲಿ ಮಾಡುತ್ತಿದ್ದರು. ಇವರು ಬಂದ ದಿನ ನಾನೇ ಮೊದಲು ಹೇಳಿದೆ, “ಸದ್ದು ಜಾಸ್ತಿ ಸಾ. ಬೆಳಿಗ್ಗೆ ಒಂಬತ್ತಕ್ಕೆ ಸುರುವಾದ್ರೆ ಸಂಜೆಗಂಟ ನಿಲ್ಲಕಿಲ್ಲ.”

“ಮಧ್ಯದಲ್ಲೂ ನಿಲ್ಲಕಿಲ್ವಾ?”

“ಕರೆಂಟ್ ಹೋದ್ರೆ ನಿಂತೀತು.”

“ಹಂಗಾದ್ರೆ ನಂಗೆ ಸರಿಯಾಯ್ತದೆ ಅಣ್ಣ,” ಎಂದು ಅವತ್ತೇ ಚಾಪೆ ತಂದು ಹಾಕಿದರು. ಸದ್ದು ಬೇಕು ಎಂದು ಬಂದ ಬಾಡಿಗೆಯವರನ್ನು ನಾನು ಅವರೊಬ್ಬರನ್ನೇ ಕಂಡದ್ದು.

ಬೆಳಗಿನ ಐದಕ್ಕೆ ಅವರ ರೂಮಿನ ದೀಪ ಹತ್ತುತ್ತಿತ್ತು. ಎಂಟೂವರೆಯವರೆಗೆ ಬಾಗಿಲು ತೆರೆಯುತ್ತಿರಲಿಲ್ಲ. ನಮ್ಮವಳು ಮೆಟ್ಟಿಲು ಗುಡಿಸುವಾಗ ದಿನಾ ಒಂದು ಹಿಡಿ ಪೆನ್ಸಿಲ್ ಸಿಪ್ಪೆ ಸಿಗುತ್ತಿತ್ತು. “ಇಷ್ಟೊಂದ್ ಪೆನ್ಸಿಲ್ ಜೀವ್ಕಂಡು ಏನ್ ಮಾಡ್ತಾರೆ ಇವ್ರು? ಒಂದ್ನೇ ಕ್ಲಾಸಿಗೆ ಓಯ್ತಾರಾ?” ಎಂದು ನಗುತ್ತಿದ್ದಳು. ಒಂಬತ್ತಕ್ಕೆ ನಾವು ಮಗ್ಗ ಹಾಕಿದರೆ ಅವರು ಒಂದು ಉದ್ದ ನೋಟ್‌ಬುಕ್ ಹಿಡಿದು ಕೆಳಗಿಳಿಯುತ್ತಿದ್ದರು. ಪೂರ್ತಿ ಕೆಳಗೆ ಬರುತ್ತಿರಲಿಲ್ಲ. ಮೆಟ್ಟಿಲು ಅರ್ಧದಲ್ಲಿ ತಿರುಗುವ ಕಡೆ ಒಂದು ಕಟ್ಟೆ ಇದೆ. ಮಗ್ಗದ ಮನೆಯ ಸದ್ದೆಲ್ಲ ಅಲ್ಲಿಗೇ ಹೋಗಿ ಬಡಿಯುತ್ತದೆ. ಅಲ್ಲಿ ನಿಂತು, ಬೆಳಿಗ್ಗೆ ಬರೆದದ್ದನ್ನು ಗಟ್ಟಿಯಾಗಿ ಬಾಯಿ ಬಿಟ್ಟು ಓದುತ್ತಿದ್ದರು. ಒಂದು ಸಾಲು ಬಾಯಿಗೆ ಸರಿಹೋಗದಿದ್ದರೆ ಮತ್ತೆ ಮತ್ತೆ ಹೇಳಿ ನೋಡುತ್ತಿದ್ದರು. ಆಗಲೂ ಒಗ್ಗದಿದ್ದರೆ ಗೋಡೆಗೆ ನೋಟ್‌ಬುಕ್ ಒತ್ತಿ ಅಳಿಸಿಬಿಡುತ್ತಿದ್ದರು. ಹದಿನೈದು ಇಪ್ಪತ್ತು ನಿಮಿಷ ಅಷ್ಟೆ. ಆಮೇಲೆ ಗಾಡಿ ಹತ್ತಿ ಹನೂರಿಗೆ.

ಅಮಾವಾಸ್ಯೆಗೆ ನಾವು ಮಗ್ಗ ನಿಲ್ಲಿಸುತ್ತೇವೆ. ಅವತ್ತು ಅವರು ಬರೆದರೂ ಓದುತ್ತಿರಲಿಲ್ಲ. ಏನೋ ಕಳೆದುಕೊಂಡವರ ಹಾಗೆ ಮೇಲೆ ಕೆಳಗೆ ಓಡಾಡುತ್ತಿದ್ದರು.

ಇಲ್ಲೊಂದು ಮಾತು ಹೇಳಬೇಕು. ಮಗ್ಗದ ಮನೆಯಲ್ಲಿ ಸದ್ದು ಮಾತನ್ನು ಮುಚ್ಚುತ್ತದೆ ಎಂದು ಹೊರಗಿನವರು ತಿಳಿದಿದ್ದಾರೆ. ಅದು ತಪ್ಪು. ಆ ಸದ್ದಿನಲ್ಲಿ ದಿನವಿಡೀ ಇರುವವರು ಕಿವಿಯ ಆಸೆ ಬಿಟ್ಟು ಕಣ್ಣಿನಲ್ಲಿ ಕೇಳುವುದನ್ನು ಕಲಿಯುತ್ತಾರೆ. ನೂಲು ಕಡೀತು, ಟೀ ಬಂತು, ನಿನ್ನ ಭಾವ ಬಂದವ್ನೆ... ಎಲ್ಲವೂ ತುಟಿಯಲ್ಲೇ. ಮಾವ ನನಗೆ ಲಾಳಿಗಿಂತ ಮೊದಲು ತುಟಿ ಓದುವುದನ್ನು ಕಲಿಸಿದ್ದ. ನಮಗೆ ಅದು ವಿದ್ಯೆ ಎಂದೇ ಗೊತ್ತಿರಲಿಲ್ಲ.

ಮೇಲ್ನೋರು ನಮ್ಮ ಕಡೆಗೇ ಮುಖ ಮಾಡಿ ನಿಂತು ಓದುತ್ತಿದ್ದರು.

ಮೊದಮೊದಲು ನಾನು ಗಮನ ಕೊಡಲಿಲ್ಲ. ಕೆಲಸದ ಮಧ್ಯೆ ತಲೆ ಎತ್ತಿದಾಗ ಒಂದೊಂದು ಮಾತು ಕಣ್ಣಿಗೆ ಬೀಳುತ್ತಿತ್ತು. ಪಂಚರ್ ಅಂಗಡಿ, ಎಳನೀರು, ಸತ್ತೇಗಾಲ... ನಮ್ಮ ಕಡೆಯ ಕತೆಯೇ ಎಂದು ಖುಷಿಯಾಯಿತು. ಹನೂರಿನಲ್ಲಿ ಪಂಚರ್ ಹಾಕುವವನೊಬ್ಬ, ಸತ್ತೇಗಾಲದ ರಸ್ತೆಯಲ್ಲಿ ಎಳನೀರು ಮಾರುವವನೊಬ್ಬ. ಎಳನೀರಿನವನ ಗಾಡಿ ಪಂಚರ್ ಆಗಿ ಇವರಿಬ್ಬರಿಗೆ ಪರಿಚಯ. ಇವನು ಕೆಲಸ ಮುಗಿಸಿ ಕೈ ತೊಳೆಯುವಾಗ ಅವನು ಚೊಂಬಿನಲ್ಲಿ ನೀರು ಹುಯ್ಯುತ್ತಾನೆ. ಗ್ರೀಸು ಹೋದ ಮೇಲೂ ಇವನು ಕೈ ತೆಗೆಯುವುದಿಲ್ಲ, ಅವನು ಹುಯ್ಯುವುದನ್ನು ನಿಲ್ಲಿಸುವುದಿಲ್ಲ. ಚೊಂಬು ಬರಿದಾಗುವವರೆಗೆ ಇಬ್ಬರೂ ಹಾಗೇ... ಅದನ್ನು ಓದುವಾಗ ಮೇಲ್ನೋರ ತುಟಿ ನಿಧಾನವಾಯಿತು. ನನ್ನ ಮಗ್ಗದಲ್ಲಿ ನೂಲು ಕಡಿದು ಹೋದದ್ದನ್ನು ನಾನು ನೋಡಲೇ ಇಲ್ಲ.

ಹೆಣ್ಣು ಯಾವಾಗ ಬರುತ್ತಾಳೆ ಎಂದು ವಾರಗಟ್ಟಲೆ ಕಾದೆ. ಬರಲಿಲ್ಲ. ಇದು ಆ ಇಬ್ಬರು ಗಂಡಸರದೇ ಪ್ರೇಮದ ಕತೆ ಎಂದು ಹೊಳೆದ ದಿನ ಎದ್ದು ಹೋಗಿ ಬೀದಿ ಬಾಗಿಲು ಮುಚ್ಚಿ ಬಂದೆ.

ಯಾಕೆ ಹೆದರಿದೆ ಎಂದು ಈಗ ಕೇಳಿದರೆ ಒಂದೇ ಉತ್ತರ ಇಲ್ಲ. ಮನೆಯಲ್ಲಿ ಮದುವೆಗೆ ಬಂದ ಮಗಳಿದ್ದಳು. ನಮ್ಮ ಜನ ಹೆಣ್ಣು ನೋಡಲು ಬರುವ ಮೊದಲು ಬೀದಿಯಲ್ಲಿ ವಿಚಾರಿಸುತ್ತಾರೆ. ಟೀ ಅಂಗಡಿಯಲ್ಲಿ ಅದೇ ದಿನಗಳಲ್ಲಿ ಒಂದು ಸುದ್ದಿ ಓಡಾಡುತ್ತಿತ್ತು. ಯಾವುದೋ ಊರಿನಲ್ಲಿ ಇಬ್ಬರು ಗಂಡಸರು ಒಂದೇ ಮನೆಯಲ್ಲಿದ್ದರಂತೆ, ಜನ ಸೇರಿ ಹೊಡೆದು ಓಡಿಸಿದರಂತೆ. “ಮನೆ ಕೊಟ್ಟೋನ್ಗೆ ಮೊದ್ಲು ಎಲ್ಡೇಟು ಬುಡ್ಬೇಕು ಕಣ್ಲಾ,” ಎಂದು ಒಬ್ಬ ಹೇಳಿದ. ಉಳಿದವರು ಹೂಂಗುಟ್ಟಿದರು. ನಾನೂ ಹೂಂಗುಟ್ಟಿದೆ.

ಅವರಿಗೆ ಹೇಳಬೇಕಿತ್ತು. ‘ಸಾ, ನೀವು ಓದುವುದು ನಮಗೆ ತಿಳಿಯುತ್ತದೆ’ ಎಂಬ ಒಂದು ಮಾತು. ಆದರೆ ಹೇಳಿದರೆ ನಾನು ಇಷ್ಟು ದಿನ ನೋಡುತ್ತಿದ್ದೆ ಎಂದು ಒಪ್ಪಿಕೊಂಡ ಹಾಗೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಹೇಳಿದರೆ ಅವರು ಓದುವುದನ್ನು ನಿಲ್ಲಿಸುತ್ತಾರೆ. ನನಗೆ ಕತೆ ಬೇಕಿತ್ತು. ಒಂಬತ್ತು ಗಂಟೆಗೆ ಮಗ್ಗ ಹಾಕುವಾಗ ನನ್ನ ಕಣ್ಣು ತಾನಾಗಿಯೇ ಕಟ್ಟೆಯ ಕಡೆ ಹೋಗುತ್ತಿತ್ತು. ಹೆದರುತ್ತಲೇ ನೋಡುತ್ತಿದ್ದೆ.

ಒಂದು ದಿನ ಅವರು ಓದುತ್ತಿರುವಾಗಲೇ ಕರೆಂಟ್ ಹೋಯಿತು. ನಾಲ್ಕೂ ಮಗ್ಗ ಒಟ್ಟಿಗೆ ನಿಂತವು. ನಿಶ್ಶಬ್ದವಾದ ಮನೆಯಲ್ಲಿ ಅವರ ದನಿಯೊಂದೇ ಉಳಿಯಿತು. “...ನಿನ್ನ ಬಿಟ್ಟು ನನಗೆ ಬೇರೆ ಮನೆ ಎಲ್ಲಿದೆಯೋ, ಮಾರಾಯ.” ಆ ಕತೆಯನ್ನು ಅವರ ದನಿಯಲ್ಲಿ ನಾನು ಕೇಳಿದ್ದು ಅದೊಂದೇ ಸಲ. ಅವರ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತು. ನೋಟ್‌ಬುಕ್ ಮುಚ್ಚಿ ಎದೆಗೆ ಅವುಚಿಕೊಂಡರು. ಅಲ್ಲೇ ನಿಂತರು.

ಮಾವ ತಲೆ ಎತ್ತಿ, ಲಾಳಿ ಒರೆಸುತ್ತಾ, “ಏನ್ ಸಾ, ನಾಟ್ಕದ ಪಾಲ್ಟಾ?” ಎಂದ.

“ಹೂಂ... ಹೂಂ, ನಾಟಕ.”

“ನಮ್ಮೂರ್ಗೂ ಒಂದ್ ನಾಟ್ಕ ತಕಂಡ್ ಬನ್ನಿ ಸಾ. ಬರೀ ಕುಸ್ತಿ ನೋಡಿ ನೋಡಿ ಸಾಕಾಗದೆ.”

ಅವರು ನಗಲು ನೋಡಿದರು, ಆಗಲಿಲ್ಲ. ಹೊರಗೆ ಬಿದ್ದದ್ದು ಅದೊಂದೇ ಮಾತು ಎಂದು ಅವರು ತಿಳಿದಿದ್ದರು. ಅದೊಂದೇ ಮಾತಿಗೇ ಅಷ್ಟು ನಡುಗಿದ ಮನುಷ್ಯನಿಗೆ ಉಳಿದದ್ದೆಲ್ಲ ಗೊತ್ತಾದರೆ ಏನಾದೀತು?

ಅದಾದ ಎರಡು ದಿನಕ್ಕೆ ಮಾವ ಟೀ ಕುಡಿಯುತ್ತಾ ಇದ್ದಕ್ಕಿದ್ದಂತೆ, “ಅಲ್ಲಾ ಕಣ್ಲಾ ಯಜಮಾನ, ಮೇಲ್ನೋರ ಕತೇಲಿ ಎಣ್ಣುಮಗ್ಳೇ ಬರಕಿಲ್ವಲ್ಲಾ?” ಎಂದ.

ನಾನು ಲೋಟ ಕೆಳಗಿಟ್ಟೆ. ನನಗೆ ಓದಲು ಬರುವುದೆಲ್ಲ ಇವನಿಗೂ ಬರುತ್ತದೆ, ನನಗಿಂತ ಚೆನ್ನಾಗಿ ಬರುತ್ತದೆ ಎಂಬುದನ್ನು ನಾನು ಬೇಕೆಂದೇ ಮರೆತಿದ್ದೆ. ಇವನು ಸಂಜೆ ಮುಳ್ಳೂರಿನ ಬಸ್ಸಿನಲ್ಲಿ ಒಂದು ಮಾತು ಆಡಿದರೆ ಬೆಳಿಗ್ಗೆ ಊರಿಗೇ ಗೊತ್ತು. “ನಾನ್ ನೋಡಿಲ್ಲ ಮಾವ, ನಂಗ್ಯಾಕೆ,” ಎಂದೆ. ಮಾವ ನನ್ನನ್ನೇ ನೋಡಿದ. ಲೋಟ ತೊಳೆದಿಟ್ಟು ತನ್ನ ಮಗ್ಗಕ್ಕೆ ಹೋದ. ಆ ನೋಟಕ್ಕೂ ಹೆದರಿದೆ.

ಆಮೇಲಿನ ವಾರ ಕತೆ ನಮ್ಮ ಮನೆ ಬಾಗಿಲಿಗೇ ಬಂತು.

ಪಂಚರಿನವನೂ ಎಳನೀರಿನವನೂ ಒಟ್ಟಿಗೆ ಇರಲು ಮನೆ ಹುಡುಕಿಕೊಂಡು ಕೊಳ್ಳೇಗಾಲಕ್ಕೆ ಬಂದಿದ್ದರು. ಒಬ್ಬ ಮನೆ ಓನರು. ಹೆಗಲ ಮೇಲೆ ಹಸಿರು ಟವಲು, ಮಾತೆಲ್ಲ ಕೂಗಿದ ಹಾಗೆ, ಮಗ್ಗದ ಕಿವುಡು. ನಾನೇ! ಓನರು ಬಾಗಿಲಿಗೆ ಅಡ್ಡ ಕೈ ಇಟ್ಟು ಕೇಳುತ್ತಾನೆ, ‘ನೀವಿಬ್ಬರೂ ಏನಾಗಬೇಕು?’ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ... ಅಲ್ಲಿಗೆ ಅವತ್ತಿನದು ಮುಗಿಯಿತು. ಮೇಲ್ನೋರು ನೋಟ್‌ಬುಕ್ ಮುಚ್ಚಿ, ನನ್ನ ಕಡೆ ನೋಡಿ ಒಂದು ಸಣ್ಣ ನಗೆ ನಕ್ಕು ಗಾಡಿ ಹತ್ತಿದರು.

ಅವತ್ತು ಮಧ್ಯಾಹ್ನವೇ ಹಳೇ ಬೆಡ್‌ಶೀಟೊಂದನ್ನು ಹೊಲಿಸಿ ಕಟ್ಟೆಗೆ ಅಡ್ಡವಾಗಿ ಪರದೆ ಕಟ್ಟಿದೆ. ಮಾವ ನೋಡಿದ. ಮಗ್ಗ ಓಡುತ್ತಿತ್ತು. ‘ಯಾಕ್ಲಾ?’ ಎಂದು ತುಟಿಯಲ್ಲೇ ಕೇಳಿದ. ‘ಧೂಳು’ ಎಂದೆ. ಮಾವನ ಕಣ್ಣಿನಿಂದ ಅವರನ್ನು ಕಾಪಾಡಲು ಕಟ್ಟಿದೆ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದರಲ್ಲಿ ಅರ್ಧ ನಿಜ. ಉಳಿದರ್ಧ, ಆ ಓನರು ಮುಂದೇನು ಹೇಳುತ್ತಾನೆ ಎಂದು ನೋಡುವ ಧೈರ್ಯ ನನಗಿರಲಿಲ್ಲ.

ಮಾರನೇ ದಿನವೇ ಅಮಾವಾಸ್ಯೆ. ಮಗ್ಗಕ್ಕೆ ಎಣ್ಣೆ ಬಿಡುತ್ತಿದ್ದೆ, ಒಬ್ಬನೇ ಇದ್ದೆ. ಮೇಲ್ನೋರು ಇಳಿದು ಬಂದರು. ಪರದೆಯ ಅಂಚನ್ನು ಬೆರಳಿನಲ್ಲಿ ಹಿಡಿದುಕೊಂಡೇ ಕೇಳಿದರು, “ಅಣ್ಣ, ಇದ್ಯಾಕೆ?”

“ಧೂಳು ಸಾ. ನೂಲಿಗೆ ಧೂಳು ಬೀಳ್ತದೆ.”

“ಎಂಟ್ ತಿಂಗ್ಳಿಂದ ಇಲ್ದಿದ್ ಧೂಳಾ?”

ಸದ್ದಿಲ್ಲದ ಮಗ್ಗದ ಮನೆಯಲ್ಲಿ ಸುಳ್ಳು ಹೇಳುವುದು ಕಷ್ಟ. ಹೇಳಿಬಿಟ್ಟೆ. “ಸಾ, ತುಟಿ ನೋಡುದ್ರೆ ನಮ್ಗೆ ಮಾತು ಗೊತ್ತಾಯ್ತದೆ.”

ಅವರು ನಿಂತ ಮಗ್ಗಗಳ ಕಡೆ, ಆಮೇಲೆ ಪರದೆಯ ಕಡೆ ನೋಡಿದರು. ಮೆಟ್ಟಿಲ ಮೇಲೆ ಕುಳಿತರು.

“ಎಲ್ಲಾನೂವಾ?”

“ಎಲ್ಲಾನೂವೆ.”

“ಯಾರ್ಯಾರ್ಗೆ?”

“ನಂಗೆ. ಮಾವಂಗೆ.”

ಅವರ ಕೈ ತಾನಾಗಿಯೇ ಮೇಲೆ ಹೋಗಿ ಬಾಯಿ ಮುಚ್ಚಿಕೊಂಡಿತು. ಆ ಕೈ ತೆಗೆಯದೆಯೇ, ಅದರ ಹಿಂದಿನಿಂದ ಪಿಸುಗುಟ್ಟಿದರು. ನನಗೆ ತುಟಿ ಕಾಣುತ್ತಿರಲಿಲ್ಲ, ಕಿವಿ ಕೊಟ್ಟು ಕೇಳಿಸಿಕೊಳ್ಳಬೇಕಾಯಿತು. “ಯಳಂದೂರಲ್ಲಿ ಮೊದ್ಲಿದ್ದ ಮನೆ ಗೋಡೆ ತೆಳುವಾಗಿತ್ತು ಅಣ್ಣ. ಮಗ್ಗುಲ ಮನೆಯೋರು ಕೇಳುಸ್ಕಂಡು, ಹಾಡಗಲೇ ನನ್ ಸಾಮಾನೆಲ್ಲ ಬೀದಿಗಾಕುದ್ರು. ನೋಟ್‌ಬುಕ್ಕೆಲ್ಲಾ ಸುಟ್ರು. ಅದ್ಕೇ ಸದ್ದಿರೋ ಮನೆ ಹುಡುಕ್ದೆ.”

“ಬಾಯ್ ಬುಟ್ಟು ಓದ್ದೇ ಇದ್ರೆ ಆಗಕಿಲ್ವಾ ಸಾ?”

“ಆಗಕಿಲ್ಲ. ಅವ್ರಿಬ್ರೂ ಮಾತಾಡದು ನನ್ ಕಿವೀಗೇ ಬೀಳ್ದೆ ಇದ್ರೆ ಓದೋರ್ಗೆ ಎಂಗ್ ಬಿದ್ದೀತು?”

ಆಮೇಲೆ ಅವರಾಗಿಯೇ ಹೇಳಿದರು. ಇಂಥ ಕತೆಗಳನ್ನೇ ಬರೆಯುವುದು, ಗಂಡಸರಿಬ್ಬರ ಪ್ರೇಮದ್ದು, ಬೇರೆ ಯಾವುದೂ ಅವರಿಗೆ ಬರುವುದಿಲ್ಲ. ವಾರವೆಲ್ಲ ಬರೆದು ಓದಿದ್ದನ್ನು ಪ್ರತಿ ಗುರುವಾರ ಫೋನಿನಲ್ಲಿ ಕತೆ ಓದುವವರ ಒಂದು ಆ್ಯಪಿಗೆ ಹಾಕುತ್ತಾರೆ, ಹೆಂಗಸಿನ ಹೆಸರಿನಲ್ಲಿ. ಯಾರೋ ಲಾರಿ ಡ್ರೈವರೊಬ್ಬ ತಪ್ಪದೆ ಬರೆಯುತ್ತಾನಂತೆ, ‘ಅಕ್ಕ, ಅವರಿಬ್ಬರನ್ನು ಬೇರೆ ಮಾಡಬೇಡಿ’ ಎಂದು. ಅದನ್ನು ಹೇಳುವಾಗ ಮಾತ್ರ ಅವರ ಕೈ ಬಾಯಿಯಿಂದ ಕೆಳಗಿಳಿಯಿತು.

“ಆ ಹೆಸ್ರು...” ಎಂದು ಶುರುಮಾಡಿದರು.

“ಬ್ಯಾಡಿ ಸಾ,” ಎಂದು ನಾನು ಕೈ ಅಡ್ಡ ಹಿಡಿದೆ. “ನಂಗ್ ಯೋಳ್ಬ್ಯಾಡಿ.” ಗೊತ್ತಿದ್ದರೆ ತಾನೇ ಯಾರಾದರೂ ಕೇಳಿದಾಗ ಬಾಯಿ ಬಿಡುವುದು.

ಆಮೇಲೆ, ಅಷ್ಟು ಹೆದರಿ ಕುಳಿತ ಆ ಮನುಷ್ಯ, ಮೆಲ್ಲಗೆ ತಲೆ ಎತ್ತಿ ಕೇಳಿದರು, “ಕತೆ ಎಂಗಿತ್ತು ಅಣ್ಣ?”

ತಿಂಗಳುಗಟ್ಟಲೆ, ಅವರು ಓದಿದ ಒಂದು ದಿನವನ್ನೂ ಬಿಡದೆ ನೋಡಿದವನು ನಾನು. ಆ ಚೊಂಬಿನ ನೀರು, ಬಸ್ಸಿನಲ್ಲಿ ಇಬ್ಬರೂ ಬೇರೆ ಬೇರೆ ಸೀಟಿನಲ್ಲಿ ಕುಳಿತು ಒಂದೇ ಕಿಟಕಿಯಿಂದ ನೋಡಿದ್ದು, ಎಲ್ಲ ನನ್ನೊಳಗಿತ್ತು. ಆದರೂ ನನ್ನ ಬಾಯಿಂದ ಬಂದದ್ದು, “ನಾನು ಏಳ್ನೇ ಕ್ಲಾಸು ಸಾ. ನಂಗೇನ್ ಗೊತ್ತಾಯ್ತದೆ?”

ಏಳನೇ ಕ್ಲಾಸು ಎಂದು ಬೇರೆ ಯಾರಾದರೂ ಅಂದಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದವನು ನಾನು. ಅವತ್ತು ನಾನೇ ಅದರ ಹಿಂದೆ ಬಚ್ಚಿಟ್ಟುಕೊಂಡೆ.

“ಸರಿ,” ಎಂದರು. ಎದ್ದು ಮೇಲೆ ಹೋದರು.

ಮೂರನೇ ದಿನ ಖಾಲಿ ಮಾಡಿದರು. ಬೆಳಿಗ್ಗೆ ಹತ್ತು ಗಂಟೆ, ಮಗ್ಗ ಓಡುತ್ತಿದ್ದವು. ಒಂದು ಕೈಯಲ್ಲಿ ಬ್ಯಾಗು, ಇನ್ನೊಂದರಲ್ಲಿ ಚಾಪೆ. ಕೆಳಗೆ ಬಂದು ಬೀಗದ ಕೈಯನ್ನು ಕಿಟಕಿಯಲ್ಲಿ ಇಟ್ಟರು. ಬಾಗಿಲ ಹತ್ತಿರ ನನ್ನ ಕಡೆ ತಿರುಗಿ ನಿಂತರು. ಓರೆಗಣ್ಣಿಗೆ ಅಷ್ಟು ಕಂಡಿತು. ಏನೋ ಹೇಳುತ್ತಿದ್ದಾರೆ ಎಂದು ಗೊತ್ತಾಯಿತು. ಈಗ ಅವರಿಗೆ ಗೊತ್ತಿತ್ತು, ದನಿ ಬೇಕಿಲ್ಲ, ತುಟಿ ಸಾಕು ಎಂದು. ನಾನು ತಲೆ ಎತ್ತಲಿಲ್ಲ. ನಮ್ಮಲ್ಲಿ ತುಟಿ ನೋಡಿದರೆ ಕೇಳಿದ ಹಾಗೆ. ನೂಲಿನ ಮೇಲೆ ಕಣ್ಣಿಟ್ಟು ಹಾಗೇ ಬಗ್ಗಿ ನಿಂತೆ. ಎತ್ತಿ ನೋಡಿದಾಗ ಬಾಗಿಲಲ್ಲಿ ಬಿಸಿಲಷ್ಟೇ ಇತ್ತು...

ಇದಾಗಿ ಆರು ವರ್ಷ. ಮಗಳ ಮದುವೆ ಆಯಿತು, ಯಾರೂ ಏನೂ ವಿಚಾರಿಸಲಿಲ್ಲ. ಒಮ್ಮೆ ನೂಲಿನ ನೆವ ಮಾಡಿಕೊಂಡು ಹನೂರಿಗೆ ಹೋಗಿ ಚಾಕಿ ಸೆಂಟರಿನಲ್ಲಿ ಕೇಳಿದೆ. ಕೆಲಸ ಬಿಟ್ಟು ಬಹಳ ದಿನವಾಯಿತು ಎಂದರು. ಒಬ್ಬ ಮೈಸೂರು ಎಂದ, ಇನ್ನೊಬ್ಬ ಸೇಲಂ ಕಡೆ ಎಂದ. ಫೋನಿನಲ್ಲಿ ಕತೆಗಳನ್ನು ಹುಡುಕುತ್ತೇನೆ. ಹೆಂಗಸರ ಹೆಸರು ನೂರಾರು. ಯಾವುದೆಂದು ತಿಳಿಯುವುದಿಲ್ಲ, ತಿಳಿಯುವುದು ಬೇಡವೆಂದು ಕೈ ಅಡ್ಡ ಹಿಡಿದವನು ನಾನೇ. ಇಲ್ಲಿ ಕೂಡ ಯಾರ ಹೆಸರನ್ನೂ ಬರೆದಿಲ್ಲ. ಭಯ ಇನ್ನೂ ಹೋಗಿಲ್ಲ, ಸುಳ್ಳು ಯಾಕೆ ಹೇಳಲಿ.

ಬ್ಲೀಚಿಂಗ್ ಪೌಡರ್ ಹಾಕಿದ ಮಾರನೇ ದಿನ ಬಸ್ಸು ಹತ್ತಿ ಮುಳ್ಳೂರಿಗೆ ಹೋದೆ. ಮಾವನಿಗೆ ಈಗ ಕಿವಿ ಪೂರ್ತಿ ಹೋಗಿದೆ. ಜಗುಲಿಯ ಮೇಲೆ ಕುಳಿತಿದ್ದ. ಅವನ ಸೊಸೆ ಕೂಗಿ ಕೂಗಿ ಮಾತಾಡುತ್ತಾಳೆ. ನಾನು ಎದುರು ಕುಳಿತು ಸುಮ್ಮನೆ ತುಟಿ ಆಡಿಸಿದೆ. ಮೇಲ್ನೋರ ನೆನಪಾಯಿತು ಎಂದೆ.

ಮಾವನ ಮುಖ ಅರಳಿತು. “ಆ ಕತೆಯೋರಾ? ಎಲ್ಲವ್ರೆ?”

“ಗೊತ್ತಿಲ್ಲ. ನೀನ್ ಯಾರ್ಗಾರಾ ಯೋಳಿದ್ಯಾ ಮಾವ, ಅವರ್ ಇಸ್ಯ?”

“ನಾನ್ಯಾಕ್ಲಾ ಯೋಳ್ಲಿ? ನಾಟ್ಕ ಅಂತ ಅವ್ರ್ಗೆ ದಾರಿ ತೋರ್ಸ್ದೋನೇ ನಾನು.”

“ಕತೇಲಿ ಎಣ್ಣುಮಗ್ಳೇ ಬರಕಿಲ್ಲ ಅಂದಿದ್ದೆ?”

“ಬರ್ನಿಲ್ವಲ್ಲ, ಅದ್ಕೆ ಅಂದೆ. ತಪ್ಪು ಅಂದ್ನಾ?” ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತಾ ನಕ್ಕ. “ಎದ್ರಿಕೆ ನಿಂಗೆ ಕಣ್ಲಾ. ನಂಗೆ ಕತೆ ಬೇಕಿತ್ತು. ಒಳ್ಳೆ ಟೈಮ್ಗೆ ಬಟ್ಟೆ ಕಟ್ಬುಟ್ಟೆ ನೀನು.”

ನಾನು ತಲೆ ತಗ್ಗಿಸಿದೆ. ಮಾವ ನನ್ನ ಗದ್ದ ಹಿಡಿದು ಮೇಲೆತ್ತಿದ. ತುಟಿ ಕಾಣದೆ ಅವನಿಗೆ ಮಾತಿಲ್ಲ.

“ಅದಿರ್ಲಿ, ಆ ಮನೆ ಓನರು ಏನಂದ? ಅವ್ರಿಬ್ರ್ಗೂ ಮನೆ ಕೊಟ್ನಾ?”

“ಕೊಡ್ನಿಲ್ಲ ಮಾವ,” ಎಂದೆ. ಕತೆಯ ಓನರು ಏನಂದನೋ ನಾನೂ ನೋಡಿಲ್ಲ, ನಾನು ಮಾಡಿದ್ದನ್ನೇ ಹೇಳಿದೆ.

ಇನ್ನೂ ಏನಾದರೂ ಇದ್ದೀತು ಎಂದು ಮಾವ ನನ್ನ ತುಟಿಯನ್ನೇ ನೋಡುತ್ತಾ ಕುಳಿತ.